ಟಿಕೆಟ್‌ನಲ್ಲಿ ಒಂದು ಗಂಟೆ, ಲೆಕ್ಕದಲ್ಲಿ ಐದು

"ವಿಮಾನದಲ್ಲಿ ಒಂದೇ ಗಂಟೆ ಅಲ್ವೇನೋ, ಬರೋಕೇನು ಕಷ್ಟ?" 2023ರ ಆಗಸ್ಟ್‌ನಲ್ಲಿ ಶಿವಮೊಗ್ಗದ ಸೋಗಾನೆಗೆ ವಿಮಾನ ಶುರುವಾದಾಗಿನಿಂದ ಅಮ್ಮನದು ಇದೇ ಪ್ರಶ್ನೆ.

ದೇವನಹಳ್ಳಿಯಿಂದ ಸೋಗಾನೆಗೆ ನೇರ ದೂರ ಸುಮಾರು 240 ಕಿ.ಮೀ. ಎಟಿಆರ್ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಅರ್ಧ ಗಂಟೆ ಸಾಕು ಅನ್ಸುತ್ತೆ. ರನ್‌ವೇ, ಏರೋದು, ಇಳಿಯೋದು ಸೇರಿ ಒಂದು ಗಂಟೆ.

ಆದ್ರೆ ಬಿಟಿಎಂನಿಂದ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ದೇವನಹಳ್ಳಿಗೆ ಎರಡು ಗಂಟೆ, ಚೆಕ್-ಇನ್, ಸೆಕ್ಯುರಿಟಿಗೆ ಒಂದೂವರೆ, ಸೋಗಾನೆಯಿಂದ ಮನೆಗೆ ಅರ್ಧ. ಒಟ್ಟು ಐದು!

ಹಬ್ಬಕ್ಕಾದ್ರೆ ರಾತ್ರಿ ಬಸ್ಸೇ ವಾಸಿ. ಅಪ್ಪನಿಗೆ ಹುಷಾರಿಲ್ಲ ಅಂತ ನಡುರಾತ್ರಿ ಫೋನ್ ಬಂದ್ರೆ? ಹಾರಾಟ ಎಷ್ಟು ಹೊತ್ತು ಅನ್ನೋದಲ್ಲ, ಮುಂದಿನ ವಿಮಾನ ಯಾವಾಗ ಅನ್ನೋದೇ ಪ್ರಶ್ನೆ. ಅಷ್ಟರಲ್ಲಿ ಕ್ಯಾಬ್ ಊರು ಸೇರಿರುತ್ತೆ. ಊರಲ್ಲಿ ವಯಸ್ಸಾದ ಅಪ್ಪ-ಅಮ್ಮ ಇದ್ರೆ, ಈ ಲೆಕ್ಕ ಇವತ್ತೇ ಮಾಡಿಟ್ಕೊಳ್ಳಿ.