ಸಿಡಿಲು ಬಡಿದವರನ್ನು ಮುಟ್ಟಲು ಅಂಜಬೇಡಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಜನ ಮಳೆಗಾಗಿ ಮುಗಿಲು ನೋಡುವವರು. ಭರಣಿ, ಕೃತ್ತಿಕೆ ಮಳೆಗಳು ಹೆಚ್ಚಾಗಿ ಮಧ್ಯಾಹ್ನ ಕಳೆದ ಮೇಲೆ ಗುಡುಗು ಸಿಡಿಲಿನೊಡನೆ ಬರುತ್ತವೆ. ಆ ಹೊತ್ತಿಗೆ ಕುರಿ ಕಾಯುವವರು ಬಯಲಿನಲ್ಲಿ, ರೈತರು ಹೊಲದಲ್ಲಿ ಇರುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಬಲಿಯಾದವರು 2,887 ಮಂದಿ.

ಸಿಡಿಲು ಬಡಿದು ಬಿದ್ದವರನ್ನು ಸತ್ತರೆಂದೇ ನಾವು ಬಲುಬೇಗ ತೀರ್ಮಾನಿಸುತ್ತೇವೆ ಎಂಬುದು ನನ್ನ ತಕರಾರು. ವಾಸ್ತವವಾಗಿ ಸಿಡಿಲಿಗೆ ಸಿಕ್ಕವರಲ್ಲಿ ಬದುಕಿ ಉಳಿಯುವವರೇ ಹೆಚ್ಚು. ಸಿಡಿಲಿನ ಆಘಾತಕ್ಕೆ ಹೃದಯ ಮತ್ತು ಉಸಿರಾಟ ಎರಡೂ ಒಮ್ಮೆಲೇ ನಿಲ್ಲಬಹುದು. ಹೃದಯ ಎಷ್ಟೋ ಸಲ ತಾನಾಗಿಯೇ ಮತ್ತೆ ಬಡಿಯತೊಡಗುತ್ತದೆ. ಆದರೆ ಉಸಿರಾಟವನ್ನು ನಡೆಸುವ ಮಿದುಳಿನ ಭಾಗ ಅಷ್ಟು ಬೇಗ ಚೇತರಿಸಿಕೊಳ್ಳುವುದಿಲ್ಲ. ಉಸಿರಿಲ್ಲದೆ ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗಿ ಹೃದಯ ಎರಡನೆಯ ಸಲ ನಿಲ್ಲುತ್ತದೆ. ಈ ನಡುವಿನ ಕೆಲವೇ ನಿಮಿಷಗಳಲ್ಲಿ ಉಸಿರು ಕೊಟ್ಟರೆ ಜೀವ ಉಳಿದೀತು.

ಆ ನಿಮಿಷಗಳಲ್ಲಿ ಸುತ್ತ ನಿಂತವರು ಮುಟ್ಟಲು ಹೆದರುತ್ತಾರೆ. ಮೈಯಲ್ಲಿ ಕರೆಂಟು ಉಳಿದಿದೆಯೆಂಬ ಭಯ. ಹಾಗೇನೂ ಉಳಿದಿರುವುದಿಲ್ಲ, ತಕ್ಷಣವೇ ಮುಟ್ಟಬಹುದು. (ವಿದ್ಯುತ್ ತಂತಿ ತಗುಲಿದವರ ವಿಷಯ ಬೇರೆ, ಅಲ್ಲಿ ಮೊದಲು ಲೈನ್ ಬಂದ್ ಆಗಬೇಕು.) ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಎದೆಯ ನಡುವೆ ಒಂದು ಅಂಗೈ ಮೇಲೆ ಇನ್ನೊಂದನ್ನಿಟ್ಟು, ಸುಮಾರು ಎರಡು ಅಂಗುಲ ಇಳಿಯುವಂತೆ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಪ್ರತಿ 30 ಒತ್ತಿಗೆ ಎರಡು ಸಲ ಬಾಯಿಂದ ಬಾಯಿಗೆ ಉಸಿರು ಕೊಡಬೇಕು. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ನಾಲ್ಕಾರು ಜನ ಒಟ್ಟಿಗೆ ಬಿದ್ದಿದ್ದರೆ ನರಳುತ್ತಿರುವವರನ್ನು ಬಿಟ್ಟು ಸದ್ದಿಲ್ಲದೆ ಬಿದ್ದವರ ಬಳಿಗೆ ಮೊದಲು ಹೋಗಬೇಕು. ನರಳುವವರಿಗೆ ಉಸಿರಿದೆಯಲ್ಲ! ಕಣ್ಣಿನ ಪಾಪೆ ಹಿಗ್ಗಿದೆ, ಕೈಕಾಲು ತಣ್ಣಗಾಗಿ ನೀಲಿಗಟ್ಟಿದೆ ಎಂದು ಕೈಬಿಡಬಾರದು. ಸಿಡಿಲಿನ ಹೊಡೆತಕ್ಕೆ ಇವೆಲ್ಲ ತಾತ್ಕಾಲಿಕವಾಗಿಯೂ ಆಗುತ್ತವೆ.

ಮರದಡಿ ನಿಲ್ಲಬಾರದೆಂದು ಎಲ್ಲರಿಗೂ ಗೊತ್ತು, ಆದರೂ ಮಳೆ ಹನಿದೊಡನೆ ಕಾಲು ಹುಣಸೆಮರದತ್ತಲೇ ಹೋಗುತ್ತದೆ. ಮರಕ್ಕೆ ಹೊಡೆದ ಸಿಡಿಲು ಪಕ್ಕದವರ ಮೈಗೆ ಜಿಗಿಯುತ್ತದೆ, ನೆಲದಲ್ಲೂ ಹರಿಯುತ್ತದೆ. ಮುಂಗಾಲು ಹಿಂಗಾಲುಗಳ ನಡುವೆ ಅಂತರವಿರುವ ಕುರಿಗಳು ಹಿಂಡುಹಿಂಡಾಗಿ ಸಾಯುವುದು ಇದರಿಂದಲೇ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರ್ ಒಳಗೇ ಇದೆ. ಗೋಡೆಯಿರುವ ಕಟ್ಟಡಕ್ಕೋ ಬಾಗಿಲು ಮುಚ್ಚಿದ ಬಸ್ಸು, ಕಾರಿಗೋ ಸೇರಿಕೊಳ್ಳಬೇಕು. ಟ್ರ್ಯಾಕ್ಟರ್, ತೆರೆದ ಶೆಡ್ಡು ಆಸರೆಯಲ್ಲ. ಮಧುಗಿರಿ ಬೆಟ್ಟ, ಸಿದ್ಧರಬೆಟ್ಟ ಹತ್ತುವವರು ಮೋಡ ಕವಿಯುವ ಮುನ್ನವೇ ಇಳಿಯುವುದು ಮೇಲು. ಗುಡುಗಿದಾಗ ಅರ್ಜುನನ ಹೆಸರುಗಳನ್ನು ಹೇಳುವ ರೂಢಿಗೆ ನನ್ನ ಆಕ್ಷೇಪವಿಲ್ಲ, ಒಳಗೆ ಕೂತು ಹೇಳಿದರಾಯಿತು.

ಸಾವಿನ ನಂತರ ಪರಿಹಾರದ ಚೆಕ್ಕು ಹಳ್ಳಿಗೆ ಬರುತ್ತದೆ. ಅದಕ್ಕೆ ಮೊದಲು ಎದೆ ಒತ್ತುವ ವಿದ್ಯೆ ಬರಬೇಕು. ಇದನ್ನು ಕಲಿಸಲು ಒಂದು ಬೊಂಬೆ, ಅರ್ಧ ದಿನ ಸಾಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳು ಪ್ರತಿ ವರ್ಷ ಯುಗಾದಿಗೆ ಮುಂಚೆ ಆಶಾ ಕಾರ್ಯಕರ್ತೆಯರಿಗೆ, ಶಾಲಾ ಶಿಕ್ಷಕರಿಗೆ, ಮುಖ್ಯವಾಗಿ ಹಟ್ಟಿಗಳ ಕುರಿಗಾಹಿಗಳಿಗೆ ಇದನ್ನು ಕಲಿಸಲಿ. ಬಯಲಿನಲ್ಲಿ ಬಿದ್ದವನ ಪಕ್ಕದಲ್ಲಿರುವವನು ಇನ್ನೊಬ್ಬ ಕುರಿಗಾಹಿಯೇ ಹೊರತು ವೈದ್ಯನಲ್ಲ.