ಮಾರಿದ ಮನೆ, ಅರ್ಧ ಸಂಬಳ

ವಚನ ಸಾಹಿತ್ಯದ ಪಾಠ ಬಂದಾಗಲೆಲ್ಲ, ಫ. ಗು. ಹಳಕಟ್ಟಿಯವರು ಮನೆ ಮಾರಿ ಮುದ್ರಣಾಲಯ ಹಾಕಿದ ಸಂಗತಿಯನ್ನು ನಾವು ಅಧ್ಯಾಪಕರು ತಪ್ಪದೆ ಹೇಳುತ್ತೇವೆ. ತರಗತಿ ಒಂದು ಕ್ಷಣ ಮೌನವಾಗುತ್ತದೆ. ಈಚೆಗೆ ಅದನ್ನು ಹೇಳುವಾಗ ನನಗೆ ಅಳುಕಾಗುತ್ತದೆ. ಆ ಮನೆ ಮಾರಾಟವಾಗುವವರೆಗೆ ಉಳಿದವರು ಎಲ್ಲಿದ್ದರು ಎಂಬ ಪ್ರಶ್ನೆಯನ್ನು ನಾನು ಎಂದೂ ವಿದ್ಯಾರ್ಥಿಗಳ ಮುಂದಿಟ್ಟಿಲ್ಲ.

ಹಳಕಟ್ಟಿಯವರು ಸಂಸ್ಥೆ ಕಟ್ಟಲರಿಯದವರಲ್ಲ. ವಿಜಾಪುರದಲ್ಲಿ 1910ರಲ್ಲಿ ವಿದ್ಯಾಸಂಸ್ಥೆಯನ್ನೂ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಸ್ಥಾಪಿಸಿದ ವಕೀಲರು ಅವರು. ಹಲವರ ಸಣ್ಣ ಸಣ್ಣ ಪಾಲುಗಳಿಂದ ಬಂಡವಾಳ ಕೂಡಿಸುವ ವಿದ್ಯೆ ಅವರಿಗೆ ಕರಗತವಾಗಿತ್ತು. ಅಂಥವರಿಗೂ 1925ರಲ್ಲಿ ಹಿತಚಿಂತಕ ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಬೇಕಾಯಿತು. ಮರುವರ್ಷ ‘ಶಿವಾನುಭವ’ ಪತ್ರಿಕೆ ಹೊರಟಿತು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿಯೂ ಬಂತು. (1882ರವರೆಗೆ ನಮ್ಮ ಪೆನುಕೊಂಡವೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು.) ಹಾರ ಹಾಕಲು ಊರೇ ನೆರೆಯುತ್ತದೆ, ನಷ್ಟ ಹಂಚಿಕೊಳ್ಳುವ ಸಭೆಗೆ ಕೋರಂ ಕೂಡುವುದಿಲ್ಲ.

ಮರಾಠಿ, ಕನ್ನಡ ಎರಡರಲ್ಲೂ ಶಾಲೆ ಕಲಿತ ನನಗೆ ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿಯ ಕಥೆ ಚಿಕ್ಕಂದಿನಿಂದಲೇ ಪರಿಚಿತ. ಅಲ್ಲಿಯ ಆಜೀವ ಸದಸ್ಯರು ಅಲ್ಪ ಸಂಬಳಕ್ಕೆ ಇಪ್ಪತ್ತು ವರ್ಷ ದುಡಿಯುವುದಾಗಿ ಮಾತು ಕೊಡುತ್ತಿದ್ದರು. ಹೊರಗಿನ ಕೆಲಸ, ಹೊರಗಿನ ಸಂಪಾದನೆ ಸಲ್ಲದೆಂಬ ವಾದ ಬೆಳೆದು, 1890ರಲ್ಲಿ ತಿಲಕರು ಸಂಸ್ಥೆಯನ್ನೇ ಬಿಟ್ಟರು. ಕಹಿ ಪ್ರಸಂಗವೇ ಸರಿ. ಆದರೂ ನನಗೆ ಅದು ಮೆಚ್ಚು. ತ್ಯಾಗ ಯಾರದು, ಎಷ್ಟು ಎಂಬುದು ಅಲ್ಲಿ ಸಭೆಯಲ್ಲಿಯೇ ಚರ್ಚೆಯಾಯಿತು.

ನಾನಿದ್ದ ಸಭೆಯಲ್ಲಿ ಚರ್ಚೆಯಾಗಲಿಲ್ಲ. 2020ರಲ್ಲಿ ಒಂದು ಸಣ್ಣ ವಾಚನಾಲಯದ ಸಮಿತಿಗೆ ನಾನೂ ಸದಸ್ಯ. ದೇಣಿಗೆ ನಿಂತಿತ್ತು. ಮೊದಲ ಠರಾವಿನಲ್ಲೇ, ಅಲ್ಲಿಯ ಪುಸ್ತಕ ನೋಡಿಕೊಳ್ಳುತ್ತಿದ್ದಾತನ ಸಂಬಳವನ್ನು ಅರ್ಧಕ್ಕೆ ಇಳಿಸಿದೆವು. ನಾವು ಹನ್ನೊಂದು ಜನ. ತಿಂಗಳಿಗೆ ತಲಾ ಐನೂರು ರೂಪಾಯಿ ಹಾಕಿದ್ದರೆ ಆ ಸಂಬಳ ಪೂರ್ತಿ ಉಳಿಯುತ್ತಿತ್ತು. ಆ ಲೆಕ್ಕ ನನಗೆ ಹೊಳೆಯದೆ ಇರಲಿಲ್ಲ. ಎದ್ದು ಹೇಳಲು ಸಂಕೋಚವಾಯಿತು. ಸಹಿ ಹಾಕಿದೆ. ಆತ ಎಂಟು ತಿಂಗಳು ಎಂದಿನಂತೆ ಬೆಳಿಗ್ಗೆ ಏಳಕ್ಕೇ ಬಾಗಿಲು ತೆರೆದ. ವರ್ಷದ ವರದಿಯಲ್ಲಿ ಅವನ ‘ತ್ಯಾಗ’ಕ್ಕೆ ಕೃತಜ್ಞತೆ ಸಲ್ಲಿಸಿದೆವು, ಆ ವಾಕ್ಯ ಬರೆದವನೂ ನಾನೇ, ಕನ್ನಡದ ಮೇಷ್ಟ್ರಲ್ಲವೇ!

ಕೇಳದೆ ಕಿತ್ತುಕೊಂಡದ್ದನ್ನು ತ್ಯಾಗವೆಂದು ಕರೆಯುವುದು ಭಾಷೆಗೂ ಮಾಡುವ ಅನ್ಯಾಯ. ಕಷ್ಟಕಾಲದಲ್ಲಿ ಆಡಳಿತ ಮಂಡಳಿಯ ಮೊದಲ ಠರಾವು ಅದರ ಸದಸ್ಯರ ಮೇಲೆಯೇ ಇರಬೇಕು. ನೌಕರನ ಸಂಬಳದ ಸರದಿ ಬರುವುದು ಆಮೇಲೆ. ಅದೂ ಲೆಕ್ಕದ ಪುಸ್ತಕವನ್ನು ಅವನ ಮುಂದೆ ತೆರೆದಿಟ್ಟ ಮೇಲೆ. ನಿಮ್ಮಲ್ಲಿ ಹಲವರು ಮುಂದೆ ಕನ್ನಡ ಸಂಘಗಳ, ಶಾಲೆಗಳ ಸಮಿತಿಗಳಲ್ಲಿ ಕೂರುವವರು. ಅದಕ್ಕಾಗಿ ಇದನ್ನು ಬರೆದೆ.

ಕಡಿತ ಮಾಡಿದ ಆ ಎಂಟು ತಿಂಗಳ ಹಣವನ್ನು ಕೊಡಬೇಕಾದ ಬಾಕಿಯೆಂದು ಲೆಕ್ಕಕ್ಕೆ ಹಿಡಿಯಬೇಕೆಂದು ಸಮಿತಿಗೆ ಪತ್ರ ಕೊಟ್ಟಿದ್ದೇನೆ. ನನ್ನ ಪಾಲಿನ ನಾಲ್ಕು ಸಾವಿರ ರೂಪಾಯಿ ಅದರ ಜೊತೆಗಿದೆ. ಉಳಿದ ಹತ್ತು ಜನರ ಉತ್ತರ ಬರಬೇಕಾಗಿದೆ.