ಅಟ್ಟದ ರೈಫಲ್ಲಿಗೆ ಎಣ್ಣೆಗಿಂತ ಮೊದಲು ಕಾಗದ!

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಹಳೇ ಮನೆಗಳಲ್ಲಿ ಕೋವಿ ಇರುವುದು ಹೊಸ ಸುದ್ದಿಯೇನಲ್ಲ. ತೋಟದ ಮನೆಯಲ್ಲಿ ಕೇಪಿನ ಕೋವಿ, ಸ್ವಲ್ಪ ಅನುಕೂಲಸ್ಥರಲ್ಲಿ ಜೋಡುನಳಿಗೆ, ಬೆಟ್ಟದ ಕಡೆಯ ಕಾಫಿ ತೋಟದವರಲ್ಲಿ, ಹಳೇ ಶಿಕಾರಿ ಮನೆತನಗಳಲ್ಲಿ ಒಂದೊಂದು ರೈಫಲ್. ತಾತನ ಕಾಲದಲ್ಲಿ ನಡುಮನೆಯ ಗೋಡೆಯ ಮೇಲೆ ಮೆರೆದ ರೈಫಲ್ ಮೊಮ್ಮಗನ ಕಾಲಕ್ಕೆ ಗೋಣಿಚೀಲ ಸುತ್ತಿಕೊಂಡು ಅಟ್ಟ ಸೇರಿದೆ. ಆಯುಧಪೂಜೆಗೆ ಒಂದು ಸಲ ಕೆಳಗಿಳಿದು, ಕುಂಕುಮ ಹಚ್ಚಿಸಿಕೊಂಡು, ಮತ್ತೆ ಮೇಲೆ ಹತ್ತುತ್ತದೆ. ಲೈಸೆನ್ಸ್ ಎಲ್ಲಿ ಅಂದ್ರೆ, ‘ಅಪ್ಪನ ಕಾಲದ್ದು, ಟ್ರಂಕಿನಲ್ಲಿ ಎಲ್ಲೋ ಇರಬೇಕು’ ಎಂಬ ಉತ್ತರ!

ಇದೇ ಹೊತ್ತಿಗೆ ಹುಡುಗರ ತಲೆಯಲ್ಲಿ ಹೊಸದೊಂದು ಹುಚ್ಚು ಹೊಕ್ಕಿದೆ. ಅಮೆರಿಕದವರು, ಕೆನಡಾದವರು ತುಕ್ಕು ಹಿಡಿದ ಹಳೇ ಮಿಲಿಟರಿ ರೈಫಲ್‌ಗಳನ್ನು ತಿಕ್ಕಿ ತೊಳೆದು, ಎಣ್ಣೆ ಬಿಟ್ಟು, ಹೊಸ ಮರ ಜೋಡಿಸಿ ಹೊಳೆಯುವಂತೆ ಮಾಡುವುದನ್ನು ಮೊಬೈಲಿನಲ್ಲಿ ನೋಡುತ್ತಾರೆ. ‘ನಮ್ಮನೇಲೂ ತಾತಂದೊಂದು ಐತಲ್ಲ, ಲೇತಿನವನ ಹತ್ರ ಕೊಟ್ರೆ ಆಯ್ತಪ್ಪ’ ಅನ್ನಿಸುತ್ತದೆ. ಅನ್ನಿಸುವುದು ಸಹಜ. ಆದರೆ ಅಲ್ಲೇ ಇರುವುದು ಅಪಾಯ. ಅಮೆರಿಕದಲ್ಲಿ ಹವ್ಯಾಸ ಅನ್ನಿಸಿಕೊಳ್ಳುವ ಕೆಲಸ ಇಲ್ಲಿ ಜೈಲಿನ ದಾರಿ ಆಗಬಹುದು.

ಮಿಲಿಟರಿಯಿಂದ ಶಿಕಾರಿಗೆ

ಬೋಲ್ಟ್ ರೈಫಲ್ ಅಂದರೆ ಬೇರೇನಲ್ಲ. ಕದದ ಚಿಲಕ ಇದ್ದ ಹಾಗೆ. ಹಿಡಿ ಮೇಲೆತ್ತಿ ಹಿಂದಕ್ಕೆ ಎಳೆದರೆ ಖಾಲಿ ತೋಟಾ ಹೊರಗೆ, ಮುಂದಕ್ಕೆ ತಳ್ಳಿ ಕೆಳಗೆ ಮಡಚಿದರೆ ಹೊಸ ತೋಟಾ ಒಳಗೆ. ಬ್ರಿಟಿಷರ ಲೀ-ಎನ್‌ಫೀಲ್ಡ್ ಇದರಲ್ಲಿ ಹೆಸರುವಾಸಿ. ‘ತ್ರೀ ನಾಟ್ ತ್ರೀ’ ಎಂದು ನಮ್ಮ ಪೊಲೀಸರ ಹೆಗಲ ಮೇಲೆ ಜನ ಕಂಡ ರೈಫಲ್ಲು ಇದೇ. 1907ರಲ್ಲಿ ಬಂದ ಅದರ ಮೂರನೇ ಮಾದರಿ ಎರಡು ಮಹಾಯುದ್ಧಗಳನ್ನು ಕಂಡಿತು. ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ ನಮ್ಮ ದೇಶದಲ್ಲೂ ತಯಾರಾಯಿತು. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರಲ್ಲಿ! ನೂರು ವರ್ಷ ದಾಟಿದರೂ ಕೆಲಸ ಬಿಡದ ಯಂತ್ರ ಅದು.

ಎರಡನೇ ಯುದ್ಧ ಮುಗಿದ ಮೇಲೆ ಇಂಥ ಲಕ್ಷಾಂತರ ರೈಫಲ್‌ಗಳು ಸೈನ್ಯಗಳಿಗೆ ಬೇಡವಾದವು. ಅಮೆರಿಕ, ಕೆನಡಾದ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಕ್ಕವು. ಕೊಂಡವರು ಮುಂದಿನ ಉದ್ದದ ಮರ ಕತ್ತರಿಸಿದರು, ಬಯೊನೆಟ್ ಸಿಕ್ಕಿಸುವ ಕೊಂಡಿ ಕಿತ್ತರು, ನಳಿಗೆ ಮೊಟಕು ಮಾಡಿದರು, ಹಗುರಾದ ರೈಫಲ್ ಹಿಡಿದು ಜಿಂಕೆ ಬೇಟೆಗೆ ಹೊರಟರು. ಅವರ ಮೊಮ್ಮಕ್ಕಳು ಈಗ ಉಲ್ಟಾ ಕೆಲಸ ಹಿಡಿದಿದ್ದಾರೆ. ತಾತ ಕತ್ತರಿಸಿದ ಮರವನ್ನು ಹುಡುಕಿ ತಂದು ಮತ್ತೆ ಜೋಡಿಸಿ ಮಿಲಿಟರಿ ರೂಪ ಕೊಡುವುದು. ಹುಡುಗರು ಮೊಬೈಲಿನಲ್ಲಿ ನೋಡುತ್ತಿರುವುದು ಇದನ್ನೇ.

ಹಾಗಂತ ಅಲ್ಲಿ ಎಲ್ಲಾ ಸುಖವಾಗಿತ್ತೇ? ಇಲ್ಲ. 1963ರಲ್ಲಿ ಅಧ್ಯಕ್ಷ ಕೆನಡಿಯನ್ನು ಕೊಂದದ್ದು ಇಂಥದ್ದೇ ಒಂದು ಹಳೇ ಇಟಲಿ ಮಿಲಿಟರಿ ಬೋಲ್ಟ್ ರೈಫಲ್. ದೂರದರ್ಶಕವೂ ಸೇರಿ 20 ಡಾಲರಿಗೆ ಐದು ಸೆಂಟ್ ಕಡಿಮೆ ಬೆಲೆಗೆ, ಸುಳ್ಳು ಹೆಸರಿನಲ್ಲಿ, ಅಂಚೆಯಲ್ಲಿ ತರಿಸಿದ್ದು! 1968ರ ಕಾನೂನು ಆ ಅಂಚೆ ವ್ಯಾಪಾರವನ್ನು ನಿಲ್ಲಿಸಿತು. ಹಳೇದು ಅಂದ ಮಾತ್ರಕ್ಕೆ ಕೋವಿಗೆ ಹಲ್ಲು ಬಿದ್ದಿರುವುದಿಲ್ಲ.

ನಮ್ಮಲ್ಲಿ ಏಕೆ ಬೇರೆ?

ಬ್ರಿಟಿಷರಿಗೆ 1857ರ ಭಯ ಹೋಗಲೇ ಇಲ್ಲ. 1878ರಲ್ಲಿ ಆಯುಧ ಕಾನೂನು ತಂದರು. ಸೈನ್ಯದ ತೋಟಾ ಜನರ ಕೈಗೆ ಹೋಗಬಾರದೆಂದು .303 ಅನ್ನು ನಾಗರಿಕರಿಂದ ದೂರ ಇಟ್ಟರು. ಶಿಕಾರಿಯವರಿಗೆ ಅದೇ ಲೀ-ಎನ್‌ಫೀಲ್ಡ್ ಯಂತ್ರಕ್ಕೆ ಬೇರೆ ಅಳತೆಯ ನಳಿಗೆ ಕೂರಿಸಿದ .315 ರೈಫಲ್ ಬಂತು. ಸೈನ್ಯದ ತೋಟಾ ಅದಕ್ಕೆ ಹಿಡಿಸದು, ಅದರ ತೋಟಾ ಸೈನ್ಯಕ್ಕೆ ಹಿಡಿಸದು. ಸ್ವಾತಂತ್ರ್ಯ ಬಂದ ಮೇಲೂ ಸರ್ಕಾರಿ ಕಾರ್ಖಾನೆಗಳು ಅದನ್ನೇ ಮಾಡುತ್ತಾ ಬಂದವು. ಅಮೆರಿಕದವನು ಗರಗಸ ಹಿಡಿದು ಮನೆಯಲ್ಲಿ ಮಾಡಿದ್ದನ್ನು ನಮ್ಮಲ್ಲಿ ಕಾರ್ಖಾನೆಯೇ ಮಾಡಿ ಕೊಟ್ಟಿತು ಅನ್ನಿ. ಅಟ್ಟದ ಮೇಲಿರುವುದು .315 ಆಗಿದ್ದರೆ ಅದು ಮಿಲಿಟರಿ ವಂಶದ ಶಿಕಾರಿ ರೈಫಲ್ಲೇ.

ಆದರೆ ಅದು .303 ಆಗಿದ್ದರೆ? ಅಲ್ಲಿ ಕಥೆಯೇ ಬೇರೆ. ಸೈನ್ಯದ .303, 7.62 ತೋಟಾ ಹಿಡಿಸುವ ಯಾವ ರೈಫಲ್ಲೂ ನಿಷೇಧಿತ ಬೋರ್. ಅದಕ್ಕೆ ಕೇಂದ್ರ ಸರ್ಕಾರದ ವಿಶೇಷ ಅನುಮತಿ ಬೇಕು. ಇಲ್ಲದೆ ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ 7ರಿಂದ 14 ವರ್ಷ ಸಜೆ. ಆದ್ದರಿಂದ ಮನೆಯವರು ಮಾಡಬೇಕಾದ ಮೊದಲ ಕೆಲಸ ಮರಕ್ಕೆ ಪಾಲಿಶ್ ಹೊಡೆಸುವುದಲ್ಲ. ಹಳೇ ಲೈಸೆನ್ಸ್ ಪುಸ್ತಕ ತೆಗೆದು ಬೋರ್ ಯಾವುದು, ನಂಬರ್ ಯಾವುದು ಎಂದು ಓದುವುದು.

ರಿಪೇರಿಯೇ ಅಪರಾಧ!

1959ರ ಆಯುಧ ಕಾಯಿದೆಯಲ್ಲಿ ಒಂದು ವಿಚಿತ್ರ ಇದೆ. 45ನೇ ಕಲಮಿನ ಪ್ರಕಾರ, ಹಳೇ ಮಾದರಿಯ, ಪುರಾತನ ಬೆಲೆಯುಳ್ಳ ಅಥವಾ ಕೆಟ್ಟುಹೋದ ಆಯುಧ, ರಿಪೇರಿ ಮಾಡಿದರೂ ಗುಂಡು ಹಾರದ ಸ್ಥಿತಿಯಲ್ಲಿದ್ದರೆ ಅದಕ್ಕೆ ಈ ಕಾಯಿದೆಯೇ ಅನ್ವಯಿಸುವುದಿಲ್ಲ. ಅಂದರೆ ಪೂರಾ ಸತ್ತ ಕೋವಿಗೆ ಲೈಸೆನ್ಸ್ ಬೇಡ. ಆದರೆ ರಿಪೇರಿ ಮಾಡಿದರೆ ಜೀವ ಬರುವಂತಿದ್ದರೆ? ಆಗ ಅದು ಬದುಕಿದ ಕೋವಿಯೇ, ಲೈಸೆನ್ಸ್ ಬೇಕೇ ಬೇಕು. ತುಕ್ಕು ಹಿಡಿದಿದೆ, ಬೋಲ್ಟ್ ಸಿಕ್ಕಿಕೊಂಡಿದೆ, ಮರ ಒಡೆದಿದೆ ಎಂಬ ನೆಪ ನಡೆಯುವುದಿಲ್ಲ. ಅಟ್ಟದ ರೈಫಲ್‌ಗಳಲ್ಲಿ ಬಹುಪಾಲು ಇಂಥವೇ ಇದ್ದಾವು. ಸತ್ತಿಲ್ಲ, ನಿದ್ದೆ ಮಾಡುತ್ತಿವೆ ಅಷ್ಟೆ.

ಇನ್ನು ಎಬ್ಬಿಸುವ ಕೆಲಸ. ಲೈಸೆನ್ಸ್ ಇಲ್ಲದವನು ಕೋವಿ ರಿಪೇರಿ ಮಾಡುವಂತಿಲ್ಲ ಎನ್ನುತ್ತದೆ 5ನೇ ಕಲಮು. ನಳಿಗೆ ಮೊಟಕು ಮಾಡುವಂತಿಲ್ಲ ಎನ್ನುತ್ತದೆ 6ನೇ ಕಲಮು. ಮೀರಿದರೆ 7 ವರ್ಷದಿಂದ ಜೀವಾವಧಿವರೆಗೆ ಶಿಕ್ಷೆ. ಟ್ರ್ಯಾಕ್ಟರ್ ಪಿನ್ನು, ಪಂಪ್‌ಸೆಟ್ ಶಾಫ್ಟು ಕಡೆಯುವ ಲೇತಿನವನು ಪಾಪ, ಸ್ನೇಹಕ್ಕೆ ಬಿದ್ದು ‘ಕೊಡಿ ಅಣ್ಣಾ, ಮಾಡಿಕೊಡ್ತೀನಿ’ ಅಂದರೆ ಅವನ ಅಂಗಡಿಗೂ ಬೀಗ, ಅವನ ಮನೆಗೂ ಕಣ್ಣೀರು. ವರ್ಕ್‌ಶಾಪ್ ಇಟ್ಟವರು ಈ ಒಂದು ಮಾತನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ರಿಪೇರಿ ಆಗಬೇಕಾದರೆ ಅದಕ್ಕೆಂದೇ ಪರವಾನಗಿ ಪಡೆದ ಕೋವಿ ವ್ಯಾಪಾರಿಯ ಹತ್ತಿರವೇ ಆಗಬೇಕು.

ಅಪ್ಪನ ಲೈಸೆನ್ಸ್ ಮಗನದಲ್ಲ

ಜನ ಎಡವುತ್ತಿರುವುದು ಇಲ್ಲೇ. ಅಂಗಡಿಯ ಟ್ರೇಡ್ ಲೈಸೆನ್ಸ್ ಅಪ್ಪನ ಹೆಸರಿನಲ್ಲಿದ್ದರೂ ಮಗ ಗಲ್ಲಾ ಮೇಲೆ ಕೂರುತ್ತಾನೆ, ಯಾರೂ ಕೇಳುವುದಿಲ್ಲ. ಕೋವಿಯ ವಿಷಯದಲ್ಲಿ ಹಾಗಲ್ಲ. ಲೈಸೆನ್ಸುದಾರರು ತೀರಿಕೊಂಡ ಮೇಲೆ ಕೋವಿಯನ್ನು ತಡಮಾಡದೆ ಹತ್ತಿರದ ಠಾಣೆಯಲ್ಲೋ ಪರವಾನಗಿ ಪಡೆದ ವ್ಯಾಪಾರಿಯಲ್ಲೋ ಒಪ್ಪಿಸಬೇಕು. ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಪಡೆದು ಬಿಡಿಸಿಕೊಳ್ಳಬೇಕು. ಅವಧಿಯೊಳಗೆ ಬಿಡಿಸಿಕೊಳ್ಳದಿದ್ದರೆ ಸರ್ಕಾರಕ್ಕೆ ಮುಟ್ಟುಗೋಲು. ಏನೂ ಮಾಡದೆ ಅಟ್ಟದಲ್ಲೇ ಇಟ್ಟರೆ 2ರಿಂದ 5 ವರ್ಷ ಸಜೆಯ ಅಪರಾಧ. ಹನ್ನೊಂದನೇ ದಿನದ ಕಾರ್ಯ ಮುಗಿಸಿ ಖಾತೆ ಬದಲಾವಣೆಗೆ ಓಡಾಡುವವರಿಗೆ ಅಟ್ಟದ ನೆನಪು ಬರುವುದೇ ಇಲ್ಲ!

ಅದಕ್ಕೇ 2016ರ ನಿಯಮಗಳಲ್ಲಿ ಒಂದು ಅನುಕೂಲ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಲೈಸೆನ್ಸುದಾರರಿಗೆ 70 ತುಂಬಿದರೆ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, ಬದುಕಿರುವಾಗಲೇ ತಮಗೆ ಇಷ್ಟವಾದ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೊಡಿಸಲು ಅವಕಾಶ. ಯಜಮಾನರು ಗಟ್ಟಿಯಾಗಿರುವಾಗಲೇ ಈ ಕೆಲಸ ಮುಗಿಸಿದರೆ ಮಕ್ಕಳಿಗೆ ತಲೆನೋವು ತಪ್ಪುತ್ತದೆ. 2019ರ ತಿದ್ದುಪಡಿಯಲ್ಲಿ ಒಬ್ಬರಿಗೆ ಮೂರು ಕೋವಿಯ ಮಿತಿ ಎರಡಕ್ಕೆ ಇಳಿದಿದೆ. ವಂಶಪಾರಂಪರ್ಯದ ಕೋವಿಯೂ ಆ ಎರಡರಲ್ಲೇ ಸೇರಬೇಕು. ‘ಕಲೆಕ್ಷನ್ ಮಾಡ್ತೀನಿ’ ಎನ್ನುವ ಹುಡುಗರು ಇದನ್ನು ನೆನಪಿಡಬೇಕು. ಕೊಡಗಿನ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ 2029ರವರೆಗೆ ಇರುವ ಲೈಸೆನ್ಸ್ ವಿನಾಯಿತಿ ಕಡೂರು ಸೀಮೆಗೆ ಇಲ್ಲ. ಅಲ್ಲಿಯ ಕೈಲ್‌ಪೋಳ್ದ್ ನೋಡಿ ಬಂದು ಇಲ್ಲಿ ಹಾಗೇ ನಡೆಸುತ್ತೇನೆ ಅಂದರೆ ನಡೆಯದು.

ಬೇಟೆ ಮುಗಿಯಿತು, ತುಕ್ಕು ಉಳಿಯಿತು

1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಶಿಕಾರಿಯ ಕಾಲ ಮುಗಿಯಿತು. ತರೀಕೆರೆ ಪಕ್ಕದ ಭದ್ರಾ ಕಾಡು 1998ರಿಂದ ಹುಲಿ ಮೀಸಲು. ತೋಟಕ್ಕೆ ನುಗ್ಗುವ ಹಂದಿಗೆ ಗುಂಡು ಹಾರಿಸಲೂ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಆದ್ದರಿಂದ ಈ ರೈಫಲ್‌ಗಳಿಗೆ ಇನ್ನು ಕಾಡಿನಲ್ಲಿ ಕೆಲಸವಿಲ್ಲ. ಉಳಿದಿರುವುದು ನೆನಪಿನ ಬೆಲೆ ಮಾತ್ರ.

ಆ ಬೆಲೆಯನ್ನೂ ತುಕ್ಕು ತಿನ್ನುತ್ತಿದೆ. ಚುನಾವಣೆ ಬಂತೆಂದರೆ ಕೋವಿ ಠಾಣೆಗೆ. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ. ಯಾರ ಕೋವಿ ಇಡಿಸಬೇಕು, ಯಾರದು ಬೇಡ ಎಂದು ಒಬ್ಬೊಬ್ಬರದನ್ನೂ ಪರಿಶೀಲಿಸಲು ಜಿಲ್ಲಾಧಿಕಾರಿಗಳ ನೇತೃತ್ವದ ಸಮಿತಿ ಇರಬೇಕೆಂಬುದು ಚುನಾವಣಾ ಆಯೋಗದ ಸೂಚನೆ. ಎಲ್ಲರದನ್ನೂ ಒಟ್ಟಿಗೆ ಗುಡ್ಡೆ ಹಾಕಿ ಎಂದಲ್ಲ. ಮಳೆಗಾಲದ ತೇವದಲ್ಲಿ ಗೋಡೆಗೆ ಒರಗಿಸಿಟ್ಟ ರೈಫಲ್ ವಾಪಸು ಬರುವಾಗ ಯಾವ ಸ್ಥಿತಿಯಲ್ಲಿರುತ್ತದೆ ಎಂಬುದು ಇಟ್ಟವರಿಗೇ ಗೊತ್ತು.

‘ಕೋವಿ ಕಡಿಮೆ ಆದಷ್ಟೂ ಊರಿಗೆ ಒಳ್ಳೇದು, ಎಲ್ಲಾ ಕರಗಿಸಿ ಬಿಡ್ರಿ’ ಎನ್ನುವವರಿದ್ದಾರೆ. ಅವರ ಮಾತಿನಲ್ಲೂ ಹುರುಳಿದೆ. ಆದರೆ ಭಯ ಹುಟ್ಟಿಸಿದರೆ ಕೋವಿ ಕಡಿಮೆ ಆಗುವುದಿಲ್ಲ, ಬಚ್ಚಿಟ್ಟ ಕೋವಿ ಜಾಸ್ತಿ ಆಗುತ್ತದೆ. ಲೆಕ್ಕದಲ್ಲಿರುವ ರೈಫಲ್ಲಿಗಿಂತ ಲೆಕ್ಕಕ್ಕೆ ಸಿಗದ ರೈಫಲ್ ಸಾವಿರ ಪಾಲು ಅಪಾಯ. ಅದು ಕಳ್ಳನ ಕೈಗೆ ಹೋದರೆ ಕಳೆದುಕೊಂಡವರು ದೂರು ಕೊಡುವಂತೆಯೂ ಇಲ್ಲ!

ಅಮೃತಮಹಲ್ ಪಾಠ

ಅಜ್ಜಂಪುರದವರಿಗೆ ಒಂದು ಉದಾಹರಣೆ ಕಣ್ಣೆದುರೇ ಇದೆ. ಅಮೃತಮಹಲ್ ರಾಸುಗಳು ಏನು? ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಬೆಳೆದು, ಹೈದರ್, ಟಿಪ್ಪುವಿನ ಸೈನ್ಯದ ತೋಪು ಎಳೆದ ಎತ್ತುಗಳ ವಂಶ. 1799ರ ನಂತರ ಬ್ರಿಟಿಷರ ತೋಪುಗಳನ್ನೂ ಎಳೆದವು. ತೋಪಿನ ಕಾಲ ಹೋಯಿತು. ಆದರೂ ಸರ್ಕಾರ ಅಜ್ಜಂಪುರದಲ್ಲಿ ಕೇಂದ್ರ ಇಟ್ಟು, ಕಾವಲು ಬಿಟ್ಟು, ಆ ತಳಿಯನ್ನು ಲೆಕ್ಕ ಹಾಕಿ ಸಾಕುತ್ತಿದೆ. ಕೆಲಸ ಮುಗಿದ ಮಾತ್ರಕ್ಕೆ ಯಾರೂ ಅದನ್ನು ಕಟುಕರಿಗೆ ಕೊಡಿ ಎನ್ನಲಿಲ್ಲ. ತೋಪು ಎಳೆದ ಎತ್ತಿಗೆ ಸಿಕ್ಕ ಮರ್ಯಾದೆಯ ಹತ್ತರಲ್ಲಿ ಒಂದು ಪಾಲು ಹಳೇ ರೈಫಲ್ಲಿಗೂ ಸಿಗಲಿ ಎಂದರೆ ಅದೇನು ದೊಡ್ಡ ಮಾತೇ?

ಆಗಬೇಕಾದ ಕೆಲಸ ಮೂರೇ ಮೂರು.

ಒಂದು, ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿಗೆ ಸೇರಿ ವರ್ಷಕ್ಕೊಮ್ಮೆಯಾದರೂ ತರೀಕೆರೆಯ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಕೋವಿ ಕಾಗದದ ಅದಾಲತ್ ನಡೆಯಲಿ. ವಾರಸುದಾರರ ಅರ್ಜಿ, ಐದು ವರ್ಷದ ನವೀಕರಣ, ಠಾಣೆಯ ವರದಿ ಎಲ್ಲಾ ಅಲ್ಲೇ ಮುಗಿಯಲಿ. ಅಜ್ಜಂಪುರದ ಮುದುಕರೊಬ್ಬರು ಬೀರೂರು, ಕಡೂರು ದಾಟಿ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಹೋಗಿ, ‘ಸಾಹೇಬ್ರು ಮೀಟಿಂಗಲ್ಲಿದಾರೆ, ನಾಳೆ ಬನ್ನಿ’ ಅನ್ನಿಸಿಕೊಂಡು ಬರುವುದು ತಪ್ಪಲಿ.

ಎರಡು, ಪೂರಾ ಕೆಟ್ಟ ಹಳೇ ಕೋವಿಯನ್ನು ಪರೀಕ್ಷಿಸಿ, ಇದು 45ನೇ ಕಲಮಿಗೆ ಸೇರಿದ್ದು, ಗೋಡೆಯ ಮೇಲೆ ತೂಗುಹಾಕಬಹುದು ಎಂದು ಬರಹದಲ್ಲಿ ಕೊಡುವ ವ್ಯವಸ್ಥೆ ಅದೇ ಅದಾಲತ್ತಿನಲ್ಲಿ ಆಗಲಿ. ಸತ್ತಿದೆಯೋ ಬದುಕಿದೆಯೋ ಎಂದು ನಿರ್ಧರಿಸುವ ಭಾರ ಮನೆಯವರ ತಲೆಯ ಮೇಲೆ ಬೇಡ.

ಮೂರು, ವಾರಸುದಾರರು ಬೇಡವೆಂದು ಒಪ್ಪಿಸಿದ, ಮುಟ್ಟುಗೋಲಾದ ಹಳೇ ರೈಫಲ್‌ಗಳಲ್ಲಿ ಚರಿತ್ರೆ ಇರುವಂಥವನ್ನು ಆರಿಸಿ, ಗುಂಡು ಹಾರದಂತೆ ಮಾಡಿ, ಜಿಲ್ಲೆಯ ಒಂದು ಕಡೆ ಗಾಜಿನ ಪೆಟ್ಟಿಗೆಯಲ್ಲಿ ಇಡಲಿ. 1947ರವರೆಗೆ ಇಡೀ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. ಆ ಹೆಸರಿನ ನೆನಪಿಗೆ ಒಂದು ಕೋಣೆ ಕಡೂರಿನಲ್ಲೇ ಆದರೂ ತಪ್ಪೇನಿಲ್ಲ.

ಜನರ ಪಾಲಿನ ಕೆಲಸ ಇನ್ನೂ ಸುಲಭ. ಈ ಭಾನುವಾರ ಏಣಿ ಹಾಕಿ ಅಟ್ಟ ಹತ್ತುವುದು, ಟ್ರಂಕು ತೆಗೆದು ಲೈಸೆನ್ಸ್ ಹುಡುಕುವುದು, ಹೆಸರು, ತಾರೀಖು ನೋಡುವುದು. ಸರಿ ಇದ್ದರೆ ಒಳ್ಳೆಯದು, ಎಣ್ಣೆ ಬಟ್ಟೆಯಲ್ಲಿ ಒರೆಸಿ ಬೀಗ ಹಾಕಿ ಇಡಲಿ. ಸರಿ ಇಲ್ಲದಿದ್ದರೆ ಸೋಮವಾರವೇ ತಿಳಿದ ವಕೀಲರೊಬ್ಬರನ್ನು ಕಂಡು, ಠಾಣೆಗೋ ವ್ಯಾಪಾರಿಗೋ ಒಪ್ಪಿಸಿ ರಸೀದಿ ಪಡೆಯಲಿ. ತಾತನ ರೈಫಲ್ ಮೊಮ್ಮಗನನ್ನು ಕೋರ್ಟಿಗೆ ಎಳೆಯಬಾರದು. ಮೊದಲು ಕಾಗದದ ರಿಪೇರಿ, ಆಮೇಲೆ ರೈಫಲ್ ರಿಪೇರಿ. ಜಿಲ್ಲಾಡಳಿತ ಇತ್ತ ಗಮನ ಹರಿಸೀತೇ?